ಅನ್ನ ಬಿಟ್ಟ ಮೇಲೆ ಓಡ್ಲಿಕ್ಕೆ ಆಗುದಿಲ್ವಾ?
ಅನ್ನ, ದೋಸೆ ಎಲ್ಲ ಬಿಟ್ಟು ಎರಡು ವಾರ ಆಯ್ತು, ಮಲ್ಪೆ ಬೀಚಲ್ಲಿ 5 ಕಿಲೋಮೀಟರ್ ಆಗುವಾಗ್ಲೇ ಕಾಲು ಎತ್ಲಿಕ್ಕೆ ಆಗುದಿಲ್ಲ ಅಂದ್ರಲ್ಲ, ಅದು ಹಾಗೇ ಮಾರಾಯ್ರೆ. ಸ್ಪೀಡಾಗಿ ಓಡುವಾಗ ಸ್ನಾಯುಗೆ ಗ್ಲೈಕೋಜನ್ ಬೇಕು, ಅಂದ್ರೆ ಅನ್ನ, ದೋಸೆಯಿಂದ ಬಂದು ಮೈಯಲ್ಲಿ ಕೂಡಿಟ್ಟ ಸಕ್ಕರೆ, ಅದು ಕಮ್ಮಿ ಆದ್ರೆ ಕೊಬ್ಬು ಉರಿಸ್ಬೇಕು, ಆಗ ಅಷ್ಟೇ ಶಕ್ತಿಗೆ ಆಕ್ಸಿಜನ್ ಜಾಸ್ತಿ ಬೇಕಾಗ್ತದೆ, ಹಾಗಾಗಿ ಅದೇ ಪೇಸಲ್ಲಿ ಏದುಸಿರು. 2017ರಲ್ಲಿ ಕ್ರೀಡಾ ಆಹಾರ ತಜ್ಞೆ ಲೂಯಿಸ್ ಬರ್ಕ್ ಅವರ ತಂಡ ವೇಗನಡಿಗೆಯವರಲ್ಲಿ ಕಂಡದ್ದೂ ಇದನ್ನೇ. ಮೊದಲಿಗೆ ತೂಕ ಇಳಿಯುದು ಕೂಡ ಹೆಚ್ಚಿನದ್ದು ನೀರು, 1 ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಹೋಗ್ತದೆ, ಉಪ್ಪೂ ಹೋಗ್ತದೆ, ಅದ್ರ ಮೇಲೆ ನಮ್ಮ ಊರಿನ ಸೆಕೆ ಬೇರೆ. ನಿಧಾನ ಓಡುವ ದಿನ ಅನ್ನ ಕಮ್ಮಿ ಮಾಡಿ, ಅಡ್ಡಿಲ್ಲ. ಸ್ಪೀಡ್ ಇರುವ ದಿನದ ಹಿಂದಿನ ರಾತ್ರಿ ಮಾತ್ರ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಸರೀ ಹೊಡೀರಿ. ಶುಗರಿನ ಮಾತ್ರೆ ತಗೊಳ್ಳುದಿದ್ರೆ ಮೊದಲು ಡಾಕ್ಟ್ರ ಹತ್ರ ಕೇಳಿ.