ಫೋನ್ ಇಡಬೇಡಿ, ಕೇಳಿ

ಇಂಗ್ಲೆಂಡಿನಲ್ಲಿರುವ ಓದುಗರೊಬ್ಬರು ಬರೆದ ಪತ್ರ ಇದು. ಹೆಸರು, ಊರು ಬೇಡ ಅಂದಿದ್ದಾರೆ, ಹಾಗಾಗಿ ಹಾಕಿಲ್ಲ. ಪತ್ರ ಉದ್ದ ಇತ್ತು, ಸಾರ ಇಷ್ಟು:

"ಗಂಡನಿಗೆ ಕೆಲಸದ ವೀಸಾ, ನಾನು ಡಿಪೆಂಡೆಂಟ್. ಹತ್ತು ತಿಂಗಳ ಮಗು ಇದೆ, ಇನ್ನೂ ಎದೆಹಾಲು ಕುಡಿಸುತ್ತೇನೆ. ಅತ್ತೆ ಊರಿಂದ ಬಂದಿದ್ದಾರೆ. ಒಂದು ಶುಕ್ರವಾರ ರಾತ್ರಿ ಕಾಂಡೋಮ್ ಹರಿಯಿತು. ಶನಿವಾರ ಔಷಧಿ ಅಂಗಡಿಯಲ್ಲಿ ಕೇಳಿದರೆ ಗರ್ಭ ನಿಲ್ಲದ ಹಾಗೆ ನುಂಗುವ ತುರ್ತು ಮಾತ್ರೆಗೆ ಮೂವತ್ತು ಪೌಂಡ್ ಹತ್ತಿರ ಹೇಳಿದರು. ವಾಪಸ್ ಬಂದೆ. ಸೋಮವಾರ ಬೆಳಿಗ್ಗೆ ಜಿಪಿಗೆ, ಅಂದರೆ ನಮ್ಮ ಮನೆ ಡಾಕ್ಟರಿಗೆ, ಫೋನ್ ಮಾಡಿದೆ. ಏನು ತೊಂದರೆ ಅಂತ ರಿಸೆಪ್ಶನ್‌ನವರು ಕೇಳಿದರು. ಅತ್ತೆ ಪಕ್ಕದ ರೂಮಲ್ಲೇ ಇದ್ದರು, ಬಾಯಿ ಬರಲಿಲ್ಲ, ಫೋನ್ ಇಟ್ಟುಬಿಟ್ಟೆ. ಮಂಗಳವಾರ ರಾತ್ರಿ ಊರಿಂದ ತಂದಿದ್ದ ಐ-ಪಿಲ್ ನುಂಗಿದೆ. ಮುಟ್ಟು ತಡವಾಗಿ ಆಯಿತು, ಸದ್ಯ ಬಚಾವಾದೆ. ಜಿಪಿ ಹತ್ತಿರ ಹೋಗಿದ್ದರೆ ನಿಜವಾಗಲೂ ಪುಕ್ಕಟೆ ಸಿಗುತ್ತಿತ್ತಾ? ಅವರು ನನ್ನ ಗಂಡನಿಗೂ ಡಾಕ್ಟರು, ನಮ್ಮ ಕಡೆಯವರೇ, ಕನ್ನಡ ಸಂಘದಲ್ಲಿ ಸಿಗುತ್ತಾರೆ. ಹೇಳಿಬಿಟ್ಟರೆ? ಮತ್ತೆ, ಇದು ಗರ್ಭ ತೆಗೆಸಿದ ಹಾಗೇನಾ?"

ಮೊದಲು ದುಡ್ಡಿನ ಮಾತು ಮುಗಿಸೋಣ. ಹೌದು, ಪುಕ್ಕಟೆ. ಇಂಗ್ಲೆಂಡಿನಲ್ಲಿ ಡಾಕ್ಟರು ಚೀಟಿಯಲ್ಲಿ ಬರೆದ ಬೇರೆ ಒಂದೊಂದು ಔಷಧಿಗೂ 9.90 ಪೌಂಡ್ ಕೊಡಬೇಕು, ಗರ್ಭನಿರೋಧಕಕ್ಕೆ ಅದೂ ಇಲ್ಲ. 1974ರಿಂದಲೇ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಹಾಗೆ ನಡೆದು ಬಂದಿದೆ. ತುರ್ತು ಮಾತ್ರೆಯೂ ಅದರಲ್ಲೇ ಬರುತ್ತದೆ. ಜಿಪಿ ಚೀಟಿ ಬರೆದು ಹತ್ತಿರದ ಫಾರ್ಮಸಿಗೆ ಕಂಪ್ಯೂಟರಿನಲ್ಲೇ ಕಳಿಸುತ್ತಾರೆ, ನೀವು ಹೋಗಿ ಇಸಿದುಕೊಂಡು ಬಂದರಾಯಿತು. ನಿಮ್ಮಂಥವರು ವೀಸಾ ಅರ್ಜಿಯ ಜೊತೆಗೇ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿ ಬಂದಿರುತ್ತೀರಿ, ಅದೂ ಒಬ್ಬೊಬ್ಬರಿಗೆ. ಸಂಕೋಚ ಯಾಕೆ ಹೇಳಿ! ಅದನ್ನು ಕಟ್ಟದವರಿಗೂ, ಅಂದರೆ ಹೊರದೇಶದಿಂದ ಬಂದುಹೋಗುವವರಿಗೂ, ಗರ್ಭನಿರೋಧಕ ಸೇವೆಗೆ ಬಿಲ್ ಹಾಕುವ ಹಾಗಿಲ್ಲ. ವೀಸಾಕ್ಕೆ ತೊಂದರೆ ಆಗುತ್ತೆ ಅಂತ ನಮ್ಮವರಲ್ಲಿ ಒಂದು ಪುಕಾರು ಓಡಾಡುತ್ತಿರುತ್ತದೆ. ತೊಂದರೆ ಆಗಬಹುದಾದದ್ದು ಆಸ್ಪತ್ರೆಗೆ 500 ಪೌಂಡೋ ಅದಕ್ಕಿಂತ ಜಾಸ್ತಿಯೋ ಬಾಕಿ ಇಟ್ಟವರಿಗೆ. ಇಲ್ಲಿ ಬಿಲ್ಲೇ ಇಲ್ಲ ಅಂದಮೇಲೆ ಬಾಕಿ ಎಲ್ಲಿಂದ ಬರಬೇಕು?

ಶನಿವಾರ ಔಷಧಿ ಅಂಗಡಿಯಲ್ಲಿ ದುಡ್ಡು ಕೇಳಿದ ವಿಷಯ. 2025ರ ಅಕ್ಟೋಬರ್ ಕೊನೆಯಿಂದ ಇಂಗ್ಲೆಂಡಿನ ಫಾರ್ಮಸಿಗಳಲ್ಲೂ ಈ ಮಾತ್ರೆ ಎನ್‌ಎಚ್‌ಎಸ್ ಲೆಕ್ಕದಲ್ಲಿ ಪುಕ್ಕಟೆ ಸಿಗುತ್ತದೆ, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಅದಕ್ಕೂ ಮುಂಚಿನಿಂದಲೇ ಇತ್ತು. ಆದರೆ ಯೋಜನೆಗೆ ಸೇರಿದ ಅಂಗಡಿ ಆಗಿರಬೇಕು. ಕೌಂಟರಿನಲ್ಲಿ ಸುಮ್ನೆ "ಮಾರ್ನಿಂಗ್ ಆಫ್ಟರ್ ಪಿಲ್ ಇದೆಯಾ" ಅಂದರೆ, ದುಡ್ಡು ಕೊಟ್ಟು ತಗೊಳ್ಳೋರು ಅಂದುಕೊಂಡು ರೇಟು ಹೇಳಿಬಿಡಬಹುದು. "ಎನ್‌ಎಚ್‌ಎಸ್‌ನಲ್ಲಿ ಬೇಕು" ಅಂತ ಸೇರಿಸಿ ಕೇಳಿ. ಇಲ್ಲ ಅಂದರೆ, ಯಾವ ಅಂಗಡಿಯಲ್ಲಿ ಸಿಗುತ್ತೆ ಅಂತ ಅವರನ್ನೇ ಕೇಳಿ. ಫಾರ್ಮಸಿಸ್ಟ್ ನಿಮ್ಮನ್ನು ಪಕ್ಕದ ಪುಟ್ಟ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ನಾಲ್ಕು ಪ್ರಶ್ನೆ ಕೇಳುತ್ತಾರೆ. ಯಾವಾಗ ಆಯಿತು, ಹಿಂದಿನ ಮುಟ್ಟು ಯಾವತ್ತು, ಬೇರೆ ಏನಾದರೂ ಮಾತ್ರೆ ನುಂಗುತ್ತಿದ್ದೀರಾ. ಗಂಡ ಒಪ್ಪಿದ್ದಾರಾ ಅಂತ ಯಾರೂ ಕೇಳುವುದಿಲ್ಲ.

ಈಗ ನಿಮ್ಮ ಸೋಮವಾರದ ಫೋನಿಗೆ ಬರೋಣ. ನನಗೆ ಹೊಟ್ಟೆ ಉರಿದಿದ್ದು ಅಲ್ಲೇ. ಎಂಟು ಗಂಟೆಗೆ ಸರಿಯಾಗಿ ಫೋನ್ ಹಚ್ಚಿ, ನಿಮಗಿಂತ ಮುಂದೆ ಇಷ್ಟು ಜನ ಇದ್ದಾರೆ ಅಂತ ಮೆಷಿನ್ ಹೇಳುವುದನ್ನು ಕೇಳಿಸಿಕೊಂಡು, ಸಂಗೀತ ಕೇಳಿ ಕೇಳಿ ಸಾಕಾಗಿ, ಕೊನೆಗೆ ಒಂದು ಜೀವಂತ ದನಿ ಸಿಕ್ಕಿದಾಗ ಫೋನ್ ಇಟ್ಟುಬಿಟ್ಟಿರಲ್ಲ! ಆ ಹೊತ್ತಿಗೆ ನಿಮ್ಮ ಹತ್ತಿರ ಮೂರೂ ದಾರಿ ಇನ್ನೂ ಇದ್ದವು.

ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವುದು ಒಂದೇ ಮಾತ್ರೆ. ಅದು ಲೆವೊನಾರ್ಜೆಸ್ಟ್ರೆಲ್, ನೀವು ನುಂಗಿದ ಐ-ಪಿಲ್ ಕೂಡ ಅದೇ. ಅದನ್ನು 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಎರಡನೆಯದು ಯುಲಿಪ್ರಿಸ್ಟಾಲ್, ಎಲ್ಲಾವನ್ ಅನ್ನುವ ಹೆಸರಿನಲ್ಲಿ ಸಿಗುತ್ತದೆ, ಅದಕ್ಕೆ 120 ಗಂಟೆ, ಅಂದರೆ ಐದು ದಿನ ಸಮಯ. ಮೂರನೆಯದು ಮಾತ್ರೆಯೇ ಅಲ್ಲ, ನಮ್ಮ ಊರಲ್ಲಿ ವಂಕಿ ಅಂತಲೋ ಕಾಪರ್ ಟಿ ಅಂತಲೋ ಹೇಳುತ್ತಾರಲ್ಲ, ಅದು. ಐದು ದಿನದೊಳಗೆ ಹಾಕಿಸಿಕೊಂಡರೆ ಮೂರರಲ್ಲೂ ಅದೇ ಗಟ್ಟಿ. ಹಾಕಿಸಿಕೊಂಡ ನೂರು ಜನರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ. ಶುಕ್ರವಾರ ರಾತ್ರಿಯಿಂದ ಎಣಿಸಿ ನೋಡಿ. ಐ-ಪಿಲ್‌ನ ಗಡುವು ಸೋಮವಾರ ರಾತ್ರಿಗೆ ಮುಗಿಯಿತು. ಮಂಗಳವಾರ ನೀವು ನುಂಗಿದಾಗ ಅದರ ಮೇಲೆ ಭರವಸೆ ಇಡುವ ಹಾಗಿರಲಿಲ್ಲ. ಉಳಿದ ಎರಡು ದಾರಿ ಬುಧವಾರ ರಾತ್ರಿವರೆಗೂ ತೆರೆದೇ ಇದ್ದವು.

ಎರಡು ಮಾತ್ರೆಗೂ ಯಾಕೆ ಈ ವ್ಯತ್ಯಾಸ ಅಂದರೆ, ಎರಡೂ ಮಾಡುವ ಮುಖ್ಯ ಕೆಲಸ ಅಂಡ ಬಿಡುಗಡೆಯಾಗುವುದನ್ನು ಮುಂದೂಡುವುದು. ವೀರ್ಯಾಣು ಒಳಗೆ ಐದಾರು ದಿನ ಬದುಕಿರಬಹುದು, ಅಂಡಕ್ಕೆ ಆಯಸ್ಸು ಒಂದು ದಿನ. ಅಂಡ ತಡವಾಗಿ ಬಂದರೆ ಕಾಯುತ್ತಿದ್ದವರು ಅಷ್ಟರಲ್ಲಿ ಸತ್ತಿರುತ್ತಾರೆ. ಅಂಡ ಹೊರಡುವುದಕ್ಕೆ ಮುಂಚೆ ದೇಹದಲ್ಲಿ ಒಂದು ಹಾರ್ಮೋನ್ ಏರಲು ಶುರುವಾಗುತ್ತದೆ. ಒಮ್ಮೆ ಅದು ಏರತೊಡಗಿದ ಮೇಲೆ ಲೆವೊನಾರ್ಜೆಸ್ಟ್ರೆಲ್ ಹೆಚ್ಚೇನೂ ಮಾಡಲಾರದು, ಯುಲಿಪ್ರಿಸ್ಟಾಲ್ ಇನ್ನೂ ಸ್ವಲ್ಪ ಹೊತ್ತು ತಡೆಹಿಡಿಯಬಲ್ಲದು. ಅಂಡ ಹೊರಟೇಬಿಟ್ಟಿದ್ದರೆ ಎರಡರಿಂದಲೂ ಪ್ರಯೋಜನ ಇಲ್ಲ, ವಂಕಿ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೇ ಡಾಕ್ಟರು ಮುಟ್ಟಿನ ತಾರೀಖು ಕೇಳುವುದು, ಕೆಣಕುವುದಕ್ಕಲ್ಲ.

ಐ-ಪಿಲ್ ಡಬ್ಬಿ ಸೂಟ್‌ಕೇಸಿನಲ್ಲಿ ಇಟ್ಟುಕೊಂಡವರಿಗೆ ಇದನ್ನೆಲ್ಲ ಯಾರು ಹೇಳಬೇಕು? ತೂಕ 70 ಕಿಲೋ ದಾಟಿದ್ದರೆ ಲೆವೊನಾರ್ಜೆಸ್ಟ್ರೆಲ್ ಒಂದು ಮಾತ್ರೆ ಸಾಲದೆ ಹೋಗಬಹುದು, ಆಗ ಎರಡು ಕೊಡುತ್ತಾರೆ, ಇಲ್ಲಾ ಯುಲಿಪ್ರಿಸ್ಟಾಲ್ ಕೊಡುತ್ತಾರೆ. ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆ, ಟಿಬಿಗೆ ಕೊಡುವ ರಿಫಾಂಪಿಸಿನ್, ಇವೆಲ್ಲ ಅದರ ಬಲ ಕುಗ್ಗಿಸುತ್ತವೆ. ಮಾತ್ರೆ ನುಂಗಿ ಮೂರು ಗಂಟೆಯೊಳಗೆ ವಾಂತಿ ಆದರೆ ಇನ್ನೊಂದು ಬೇಕು. ಒಂದು ನುಂಗಿ, ಸಮಾಧಾನಕ್ಕೆ ಅಂತ ಇನ್ನೊಂದು ಬಗೆಯದನ್ನೂ ನುಂಗಬೇಡಿ, ಲೆವೊನಾರ್ಜೆಸ್ಟ್ರೆಲ್ ಆದಮೇಲೆ ಯುಲಿಪ್ರಿಸ್ಟಾಲ್ ಸರಿಯಾಗಿ ಕೆಲಸ ಮಾಡದೆ ಇರಬಹುದು. ಡಾಕ್ಟರನ್ನು ನೋಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ರಿಸೆಪ್ಶನ್‌ನವರು "ಏನು ತೊಂದರೆ" ಅಂತ ಕೇಳುವುದು ಕುತೂಹಲಕ್ಕಲ್ಲ. ಯಾರನ್ನು ಇವತ್ತೇ ನೋಡಬೇಕು, ಯಾರನ್ನು ಮುಂದಿನ ವಾರಕ್ಕೆ ಹಾಕಬಹುದು, ನರ್ಸ್ ಸಾಕಾ ಡಾಕ್ಟರೇ ಬೇಕಾ ಅಂತ ವಿಂಗಡಿಸುವುದು ಅವರ ಕೆಲಸ. ನೀವು ಏನೂ ಹೇಳದೆ ಬರೀ "ಪರ್ಸನಲ್" ಅಂದರೆ, ಎರಡು ವಾರದ ನಂತರದ ತಾರೀಖು ಕೊಟ್ಟರೂ ಆಶ್ಚರ್ಯ ಇಲ್ಲ. ಹಾಗಾಗಿ ಒಂದೇ ವಾಕ್ಯ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು ಫೋನ್ ಮಾಡಿ: "ಐ ನೀಡ್ ಎಮರ್ಜೆನ್ಸಿ ಕಾಂಟ್ರಾಸೆಪ್ಷನ್, ಟುಡೇ ಪ್ಲೀಸ್." ಅಷ್ಟೇ. ಹೇಗಾಯಿತು, ಯಾರ ಜೊತೆ, ಯಾಕೆ, ಇದ್ಯಾವುದನ್ನೂ ಅವರಿಗೆ ಹೇಳಬೇಕಿಲ್ಲ. ಅತ್ತೆ ಪಕ್ಕದ ರೂಮಲ್ಲಿದ್ದರೆ ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ಪಾರ್ಕಿಗೆ ಹೋಗಿ ಅಲ್ಲಿಂದ ಮಾತಾಡಿ. ಅದೂ ಆಗಲ್ಲ ಅಂದರೆ ಸರ್ಜರಿಯ, ಅಂದರೆ ಜಿಪಿ ಕ್ಲಿನಿಕ್ಕಿನ, ವೆಬ್‌ಸೈಟಿನಲ್ಲಿ ಫಾರಂ ಇರುತ್ತದೆ, ಅದರಲ್ಲಿ ಬರೆದು ಕಳಿಸಬಹುದು, ಆದರೆ ಫೋನೇ ಬೇಗ. ಇವತ್ತು ಜಾಗ ಇಲ್ಲ ಅಂದರೋ, "ಹಾಗಾದರೆ ಇವತ್ತೇ ಎಲ್ಲಿ ಸಿಗುತ್ತೆ" ಅಂತ ಕೇಳಿ. ಫಾರ್ಮಸಿ ಇದೆ, ಲೈಂಗಿಕ ಆರೋಗ್ಯ ಕ್ಲಿನಿಕ್ ಇದೆ, ರಾತ್ರಿ ಆದರೆ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಬಹುದು. ಇಂಗ್ಲಿಷಿನಲ್ಲಿ ಧೈರ್ಯ ಸಾಲದಿದ್ದರೆ ಕನ್ನಡ ದುಭಾಷಿ ಬೇಕು ಅಂತ ಕೇಳುವ ಹಕ್ಕೂ ಇದೆ, ಅದಕ್ಕೂ ದುಡ್ಡಿಲ್ಲ. ಗಂಡನನ್ನೋ ನಾದಿನಿಯನ್ನೋ ದುಭಾಷಿ ಮಾಡಿಕೊಳ್ಳಬೇಕಾಗಿಲ್ಲ.

ಇನ್ನು ನಿಮ್ಮ ಡಾಕ್ಟರು. ಒಂದೇ ಮನೆಯ ನಾಲ್ಕು ಜನಕ್ಕೆ ಒಬ್ಬರೇ ಡಾಕ್ಟರಾದರೂ, ಲೆಕ್ಕ ನಾಲ್ಕು ಬೇರೆ ಬೇರೆ. ನೀವು ಹೇಳಿದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಅವರು ಗಂಡನಿಗೆ ಹೇಳುವ ಹಾಗಿಲ್ಲ. ಹೇಳಿದರೆ ಜನರಲ್ ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಡಬಹುದು, ಅವರ ರಿಜಿಸ್ಟ್ರೇಶನ್‌ಗೇ ಕುತ್ತು ಬರಬಹುದು. ಸಂಘದ ಯುಗಾದಿ ಊಟದಲ್ಲಿ ನಿಮ್ಮ ಅತ್ತೆಯ ಪಕ್ಕದ ಎಲೆಗೇ ಕೂತರೂ ಅವರು ಹೋಳಿಗೆ ಬಗ್ಗೆ ಮಾತಾಡುತ್ತಾರೆ, ನಿಮ್ಮ ಬಗ್ಗೆ ಅಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ಅದೇ ಸರ್ಜರಿಯಲ್ಲಿ ಬೇರೆ ಡಾಕ್ಟರು ಬೇಕು, ಹೆಂಗಸರೇ ಬೇಕು ಅಂತ ಕೇಳಿ. ತಮ್ಮ ನಂಬಿಕೆಯ ಕಾರಣಕ್ಕೆ ಗರ್ಭನಿರೋಧಕ ಬರೆಯಲು ಹಿಂಜರಿಯುವ ಡಾಕ್ಟರೂ ಅಲ್ಲಲ್ಲಿ ಇರುತ್ತಾರೆ. ಅವರೂ ಸುಮ್ನೆ ವಾಪಸ್ ಕಳಿಸುವ ಹಾಗಿಲ್ಲ, ಬೇರೆ ಡಾಕ್ಟರನ್ನು ನೋಡುವ ಹಕ್ಕು ನಿಮಗಿದೆ ಅಂತ ತಿಳಿಸಿ ದಾರಿ ತೋರಿಸಬೇಕು.

ನನಗೆ ಹೆದರಿಕೆ ಡಾಕ್ಟರ ಬಾಯಿದಲ್ಲ, ನಿಮ್ಮ ಮನೆಯ ಫೋನಿಂದು. ಎನ್‌ಎಚ್‌ಎಸ್ ಆ್ಯಪ್‌ನಲ್ಲಿ ಈಗ ಜಿಪಿ ಬರೆದ ಟಿಪ್ಪಣಿ, ಔಷಧಿ ಎಲ್ಲವೂ ಕಾಣುತ್ತದೆ. ನಿಮ್ಮ ಆ್ಯಪ್ ಗಂಡನ ಫೋನಿನಲ್ಲಿ ಇದೆಯಾ? ಇಲ್ಲಿಗೆ ಬಂದ ಹೊಸದರಲ್ಲಿ ಗಂಡನೇ ಎಲ್ಲ ಫಾರಂ ತುಂಬಿ, ತನ್ನ ನಂಬರ್, ತನ್ನ ಇಮೇಲ್ ಕೊಟ್ಟಿರುವುದು ನಮ್ಮ ಎಷ್ಟೋ ಮನೆಗಳಲ್ಲಿ ಇದ್ದದ್ದೇ, ಕೆಟ್ಟ ಉದ್ದೇಶದಿಂದ ಅಲ್ಲ, ಆಗ ನಿಮಗೆ ಸಿಮ್ಮೇ ಇರಲಿಲ್ಲ. ಆದರೆ ಸರ್ಜರಿಯ ಮೆಸೇಜು ಹೋಗುವುದು ಆ ನಂಬರಿಗೇ. ನಿಮ್ಮ ವಿಷಯದಲ್ಲಿ ಗಂಡನಿಗೆ ಗೊತ್ತಿರುವುದೇ, ಮುಚ್ಚಿಡುವುದು ಅತ್ತೆಯಿಂದ ಇರಬಹುದು. ಆದರೆ ಇದನ್ನು ಓದುವ ಎಲ್ಲರದೂ ಅಂಥ ಮನೆ ಅಲ್ಲ. ನಂಬರ್ ಬದಲಾಯಿಸಿ ಅಂತ ಸರ್ಜರಿಗೆ ಹೇಳಿದರೆ ಎರಡು ನಿಮಿಷದ ಕೆಲಸ.

ಗರ್ಭ ತೆಗೆಸಿದ ಹಾಗಾ ಅಂತ ಕೇಳಿದ್ದೀರಿ. ಅಲ್ಲ. ಮಾತ್ರೆ ಗರ್ಭ ನಿಲ್ಲುವುದಕ್ಕೆ ಮುಂಚಿನ ಕೆಲಸ ಮಾಡುತ್ತದೆ, ಆಗಲೇ ನಿಂತಿದ್ದರೆ ಅದನ್ನು ಕೀಳುವುದಿಲ್ಲ. ವಂಕಿಯ ತಾಮ್ರ ವೀರ್ಯಾಣುವನ್ನು ಕೊಲ್ಲುತ್ತದೆ, ಕೂಡಿದ ಅಂಡ ಗರ್ಭಕೋಶದಲ್ಲಿ ಅಂಟಿಕೊಳ್ಳದಂತೆಯೂ ತಡೆಯಬಹುದು. ಅದು ಮನಸ್ಸಿಗೆ ಒಗ್ಗದವರು ಮಾತ್ರೆಯನ್ನೇ ಕೇಳಲಿ. ಕಾನೂನಿನ ಲೆಕ್ಕದಲ್ಲಿ, ಈ ಮಾತ್ರೆ ಗರ್ಭಪಾತ ಅಲ್ಲ ಅಂತ ಲಂಡನ್ನಿನ ಹೈಕೋರ್ಟು 2002ರಲ್ಲೇ ಹೇಳಿದೆ. ಪಾಪ ಪುಣ್ಯದ ಲೆಕ್ಕ ನಿಮ್ಮದು, ಅದರಲ್ಲಿ ನಾನು ತಲೆ ಹಾಕಲ್ಲ.

ಮಗುವಿನ ಬಗ್ಗೆ ನೀವು ಕೇಳಿಲ್ಲ, ಆದರೂ ಅದು ತಲೆಯಲ್ಲಿ ಕೊರೆಯುತ್ತಿರುತ್ತೆ ಅಲ್ವಾ. ನೀವು ನುಂಗಿದ ಮಾತ್ರೆಯಿಂದ ಹಾಲು ಕುಡಿಯುವ ಮಗುವಿಗೆ ತೊಂದರೆ ಇಲ್ಲ. ಮುಂದೆ ಯಾವುದನ್ನೇ ತೆಗೆದುಕೊಳ್ಳುವಾಗಲೂ ಹಾಲು ಕುಡಿಸುತ್ತಿದ್ದೇನೆ ಅಂತ ಮೊದಲೇ ಹೇಳಿ. "ಹಾಲು ಕುಡಿಸೋವರೆಗೂ ಏನೂ ಆಗಲ್ಲ" ಅಂತ ಮನೆಯ ಹಿರಿಯರು ಹೇಳುತ್ತಾರೆ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಶುರುವಾಗಿರಬಾರದು. ಈ ಮೂರೂ ಒಟ್ಟಿಗೆ ಇದ್ದರೆ ಮಾತ್ರ ಅವರ ಮಾತು ನಂಬಬಹುದು. ಹತ್ತು ತಿಂಗಳ, ರಾಗಿ ಸರಿ ತಿನ್ನುವ ಮಗುವಿನ ತಾಯಿಗೆ ಅದು ಅನ್ವಯಿಸುವುದಿಲ್ಲ.

ಊರಲ್ಲಿರುವ ಓದುಗರಿಗೂ ಒಂದು ಮಾತು. ನಮ್ಮಲ್ಲೂ ಇದು ಮೆಡಿಕಲ್ ಶಾಪಿನ ಸರಕು ಮಾತ್ರ ಅಲ್ಲ, ಸರಕಾರದ ಕುಟುಂಬ ಯೋಜನೆಯಲ್ಲೂ ಇದೆ. ಉಪಕೇಂದ್ರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಆಶಾ ಕಾರ್ಯಕರ್ತೆಯ ಚೀಲದಲ್ಲೂ ಇರುತ್ತದೆ. ಆಶಾ ಪಕ್ಕದ ಬೀದಿಯವರೇ, ಅದೇ ನಾಚಿಕೆ, ಗೊತ್ತು. ಆದರೂ ಕೇಳಿ.

ಈಗ ನೀವು ಮಾಡಬೇಕಾದ್ದು. ಮುಟ್ಟು ಆಗಿದೆ ಅಂದಿರಿ, ಆದರೆ ತೀರ ಕಮ್ಮಿ ಹೋಗಿದ್ದರೆ ಒಂದು ಟೆಸ್ಟ್ ಮಾಡಿಬಿಡಿ, ಆ ಶುಕ್ರವಾರದಿಂದ ಮೂರು ವಾರ ಕಳೆದಿರಬೇಕು ಅಷ್ಟೆ. ತುರ್ತು ಮಾತ್ರೆಯನ್ನು ಇನ್ನೊಮ್ಮೆ ತೆಗೆದುಕೊಂಡರೆ ದೇಹ ಹಾಳಾಗುತ್ತೆ ಅನ್ನುವ ಭಯ ಬೇಡ, ಆದರೆ ತಿಂಗಳು ತಿಂಗಳೂ ಅದನ್ನೇ ನಂಬಿ ಕೂರುವಂಥದ್ದೂ ಅಲ್ಲ. ಜಿಪಿಗೆ ಇನ್ನೊಮ್ಮೆ ಫೋನ್ ಮಾಡಿ, ಈ ಸಲ ಅವಸರ ಇಲ್ಲ, ಹಾಲು ಕುಡಿಸುವಾಗ ಯಾವುದು ಹೊಂದುತ್ತೆ ಅಂತ ಕೂತು ಮಾತಾಡಿ. ವಂಕಿ ಬೇಕು ಅನ್ನಿಸಿದರೆ ನಿಮ್ಮ ಸರ್ಜರಿಯಲ್ಲೇ ಹಾಕುವವರು ಇದ್ದಾರಾ ಅಂತ ಕೇಳಿ, ಎಲ್ಲ ಕಡೆ ಇರುವುದಿಲ್ಲ, ಕ್ಲಿನಿಕ್ಕಿಗೆ ಕಳಿಸಬಹುದು. ಇನ್ನು ಸೂಟ್‌ಕೇಸಿನಲ್ಲಿ ಬೇರೆ ಐ-ಪಿಲ್ ಉಳಿದಿದ್ದರೆ ಮೊದಲು ತಾರೀಖು ನೋಡಿ, ಅವಧಿ ಮುಗಿದಿದ್ದರೆ ಫಾರ್ಮಸಿಗೆ ವಾಪಸ್ ಕೊಟ್ಟುಬಿಡಿ, ಇಸಿದುಕೊಳ್ಳುತ್ತಾರೆ.

— ಸಂಪಾದಕಿ