‘ಜಾತಿ’ ಎಂದು ಬರೆದು ನಿಲ್ಲಬೇಡಿ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ (1965) ಆಶಯವೇನು ಎಂದರೆ ‘ಜಾತಿ’ ಎಂದು ಬರೆದು, ಮುಂದೆ ತೋಚುವುದಿಲ್ಲ ಎಂದಿದ್ದೀರಿ. ಜಾತಿ ಅಲ್ಲಿನ ವಸ್ತು. ಅದರ ಬಗ್ಗೆ ಕಾದಂಬರಿ ಏನು ಹೇಳುತ್ತದೋ ಅದು ಆಶಯ. ಹಾಗಾಗಿ ಪೂರ್ಣ ವಾಕ್ಯವೇ ಬೇಕು.

ಮೊದಲು ಒಂದೇ ಸನ್ನಿವೇಶ ಹಿಡಿಯಿರಿ. ಬ್ರಾಹ್ಮಣ್ಯದ ಕಟ್ಟಳೆ ಮುರಿದು ಬಾಳಿದ ನಾರಣಪ್ಪ ಸತ್ತಾಗ ಅವನ ಶವಸಂಸ್ಕಾರಕ್ಕೆ ಅಗ್ರಹಾರದ ಬ್ರಾಹ್ಮಣರು ಯಾರೂ ಮುಂದೆ ಬರುವುದಿಲ್ಲ. ಅವನೊಂದಿಗೆ ಬಾಳಿದ ಚಂದ್ರಿ ಖರ್ಚಿಗೆಂದು ಒಡವೆ ಬಿಚ್ಚಿಟ್ಟದ್ದೇ ತಡ, ಅಗ್ರಹಾರದವರ ಮನಸ್ಸು ಅಲುಗುತ್ತದೆ. ಹಾಳೆಯ ಎಡಗಡೆ ಇಷ್ಟನ್ನೇ ಬರೆಯಿರಿ. ಬಲಗಡೆ ನಿಮ್ಮ ಊಹೆ: ಇವರ ನಿಷ್ಠೆ ಚಿನ್ನದ ಮುಂದೆ ನಿಲ್ಲುವಷ್ಟು ಗಟ್ಟಿಯಿಲ್ಲ. ಎಡಗಡೆ ಆಧಾರ ಸಿಗದ ಊಹೆಯನ್ನು ಹೊಡೆದುಹಾಕಿ.

ಹೆಚ್ಚಿನವರು ಎಡವುವುದು, ಈ ಸಂಸ್ಕಾರ ಯಾರು ಮಾಡಬೇಕೆಂದು ಶಾಸ್ತ್ರದಲ್ಲಿ ಉತ್ತರ ಹುಡುಕುವ ಪ್ರಾಣೇಶಾಚಾರ್ಯರ ಪಾತ್ರದಲ್ಲಿ. ‘ಪಂಡಿತ, ಸಾತ್ವಿಕ’ ಎಂಬುದು ಊರವರು ಕೊಟ್ಟ ಬಿರುದು, ಅದನ್ನೇ ಪಾತ್ರಚಿತ್ರಣವೆಂದು ನಕಲು ಮಾಡಬೇಡಿ. ರೋಗಿಷ್ಠೆ ಭಾಗೀರಥಿಯನ್ನು ಬೇಕೆಂದೇ ಮದುವೆಯಾಗಿ, ಆ ಸೇವೆಯಲ್ಲೇ ಪುಣ್ಯ ಕಂಡವರು ಅವರು. ಹಾಗಾದರೆ ಆ ತ್ಯಾಗ ಯಾರಿಗಾಗಿ? ಚಂದ್ರಿಯನ್ನು ಕೂಡಿದ್ದನ್ನು ಊರಿನ ಮುಂದೆ ಹೇಳಲು ಏಕೆ ಬಾಯಿ ಬರುವುದಿಲ್ಲ? ಮಾತು, ನಡೆ, ಮೌನ ಎಲ್ಲಿ ಒಂದಕ್ಕೊಂದು ಹೊಂದುವುದಿಲ್ಲವೋ ಅಲ್ಲಿ ಗುರುತು ಹಾಕಿ. ಪಾತ್ರ ತೆರೆದುಕೊಳ್ಳುವುದೇ ಅಲ್ಲಿ.

ಆಮೇಲೆ ವಾಕ್ಯ ಕಟ್ಟಿ. ಉದಾಹರಣೆಗೆ, ‘ಶಾಸ್ತ್ರ ಉತ್ತರಿಸದಾಗ ಮನುಷ್ಯ ತಾನೇ ಆಯ್ದು, ಅದರ ಹೊಣೆ ಹೊರಬೇಕಾಗುತ್ತದೆ.’ ಬೇರೆ ಓದುಗಳೂ ಸಾಧ್ಯ. ಆದರೆ ಊರು ಬಿಟ್ಟು ಅಲೆದ ಆಚಾರ್ಯರು ತಮ್ಮ ಅಗ್ರಹಾರವಾದ ದೂರ್ವಾಸಪುರಕ್ಕೆ ಮರಳಲು ಗಾಡಿ ಹತ್ತುವ ಕೊನೆಯ ಪುಟಗಳಿಗೆ ನಿಮ್ಮ ವಾಕ್ಯ ಹೊಂದದಿದ್ದರೆ ತಿದ್ದಿ ಬರೆಯಿರಿ.