ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ಅಮ್ಮನಿಗೆ ನಿಜವಾಗಿ ಎಷ್ಟು ಗಂಟೆಯ ಪ್ರಯಾಣ?

ನಮಸ್ಕಾರ. ಜನವರಿಯ ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಡುವ ನೇರ ವಿಮಾನ ಅದೇ ಸೋಮವಾರ ಸಂಜೆ 4.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ತಲುಪುವುದು ಹೇಗೆ ಎಂದು ಕೇಳಿದ್ದೀರಿ. ಟಿಕೆಟ್ ಸರಿಯಾಗಿಯೇ ಇದೆ. ಹೊರಡುವ, ತಲುಪುವ ಸಮಯಗಳೆರಡನ್ನೂ ಆಯಾ ಊರಿನ ಗಡಿಯಾರದಂತೆ ಬರೆದಿರುತ್ತಾರೆ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ನಿಮ್ಮ ಅಮ್ಮ ಇಳಿಯುವಾಗ ನಿಮ್ಮೂರು ಹಾಸನದಲ್ಲಿ ಮಂಗಳವಾರ ಬೆಳಿಗ್ಗೆ 6 ಗಂಟೆ. ಅಂದರೆ ಹಾರಾಟ 16 ಗಂಟೆ. ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ, ಆಗ ಹನ್ನೆರಡೂವರೆ ಗಂಟೆ ಲೆಕ್ಕ ಹಿಡಿಯಿರಿ.

ದೂರ ಸುಮಾರು 14,000 ಕಿ.ಮೀ. ಗೋಡೆಯ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟರೆ ಈ ದಾರಿ ತಿಳಿಯುವುದಿಲ್ಲ. ಮಕ್ಕಳ ಗ್ಲೋಬ್ ಇದ್ದರೆ ಎರಡೂ ಊರುಗಳಿಗೆ ದಾರ ಬಿಗಿಯಾಗಿ ಹಿಡಿದು ನೋಡಿ; ಅದು ಚೀನಾ, ಸೈಬೀರಿಯಾ ದಾಟಿ ಅಲಾಸ್ಕದ ಕಡೆಯಿಂದ ಇಳಿಯುತ್ತದೆ. ಆದರೆ ವಿಮಾನ ದಾರದಂತೆಯೇ ಹಾರುವುದಿಲ್ಲ, ಗಾಳಿಯನ್ನು ನೋಡಿಕೊಂಡು ಹಾರುತ್ತದೆ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿಯ ಹೊಳೆಯೇ ಹರಿಯುತ್ತಿರುತ್ತದೆ, ಚಳಿಗಾಲದಲ್ಲಂತೂ ಇನ್ನೂ ಜೋರು. ಗಂಟೆಗೆ 900 ಕಿ.ಮೀ. ಹೋಗುವ ವಿಮಾನಕ್ಕೆ ಬೆನ್ನ ಹಿಂದೆ 150 ಕಿ.ಮೀ. ಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ ವೇಗ 1,050. ಅದಕ್ಕಾಗಿ ಪೆಸಿಫಿಕ್ ಮೇಲೆ ಸ್ವಲ್ಪ ಬಳಸಿ ಹೋದರೂ ಲಾಭವೇ. ಮರಳುವಾಗ ಅದೇ ಗಾಳಿ ಎದುರಾಗುವುದರಿಂದ ಹದಿನೇಳು, ಹದಿನೇಳೂವರೆ ಗಂಟೆ ಹಿಡಿಯುತ್ತದೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ಬಂದದ್ದು ನೆನಪಿರಬಹುದು. ಆ ಸುದ್ದಿ ಓದಿದ ದಿನವೇ ನಾನು ದಾರ ಹಿಡಿದು ಗ್ಲೋಬ್ ಮುಂದೆ ಕುಳಿತಿದ್ದೆ.

ಫ್ರಾಂಕ್‌ಫರ್ಟ್ ಮೂಲಕ ಹೋದರೆ ಸುಮಾರು 7,400 ಮತ್ತು 9,150, ಒಟ್ಟು 16,500 ಕಿ.ಮೀ. ದಾಟುತ್ತದೆ. ಹಾರಾಟ 21-22 ಗಂಟೆ, ಮೇಲೆ ಕಾಯುವ ಹೊತ್ತು. 72 ವರ್ಷದ ಅಮ್ಮ ಒಬ್ಬರೇ ಹೊರಟಿರುವಾಗ ನೇರ ವಿಮಾನ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ನಡುವೆ ಗೇಟ್ ಹುಡುಕುವ ಆತಂಕವೇ ಹಿರಿಯರನ್ನು ಹೆಚ್ಚು ದಣಿಸುತ್ತದೆ. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿಡಿ, ನಡುದಾರಿಯ ಪಕ್ಕದ ಸೀಟು ಹಿಡಿಯಿರಿ. ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲು ಹೇಳಿ, ಕಾಲು ಬಾವು ಬರುವುದು ಕಡಿಮೆಯಾಗುತ್ತದೆ.

ಆದರೆ 16 ಗಂಟೆ ಎಂದಷ್ಟೇ ಲೆಕ್ಕ ಹಾಕಬೇಡಿ. ಹಾಸನದಿಂದ ದೇವನಹಳ್ಳಿಗೆ ನಾಲ್ಕೈದು ಗಂಟೆ, ಅಲ್ಲಿ ಮೂರು ಗಂಟೆ ಮೊದಲೇ ಇರಬೇಕು, ಇಳಿದ ಮೇಲೆ ವಲಸೆ ತಪಾಸಣೆ ಮತ್ತು ಸಾಮಾನಿಗೆ ಒಂದೆರಡು ಗಂಟೆ. ಮನೆಯಿಂದ ಮನೆಗೆ 26 ಗಂಟೆ ಎಂದೇ ಅಮ್ಮನಿಗೆ ಹೇಳಿ.

ಬಿ.ಪಿ., ಸಕ್ಕರೆ ಮಾತ್ರೆಗಳು ಕೈಚೀಲದಲ್ಲೇ ಇರಲಿ. ನನ್ನ ಅತ್ತೆ ಹೋದಾಗ ಅವನ್ನು ದೊಡ್ಡ ಪೆಟ್ಟಿಗೆಗೆ ಹಾಕಿಬಿಟ್ಟಿದ್ದೆವು, ಇಳಿಯುವವರೆಗೂ ನಮಗೆ ಜೀವದಲ್ಲಿ ಜೀವ ಇರಲಿಲ್ಲ. ಇಳಿಯುವವರೆಗೆ ಅಮ್ಮನ ಕೈಗಡಿಯಾರ ನಮ್ಮ ಸಮಯದಲ್ಲೇ ಇರಲಿ, ದಿನಾಂಕ ಹಿಂದೆ ಸರಿದಿದೆ ಎಂದು ಅದೇ ಮಾತ್ರೆಯನ್ನು ಎರಡು ಸಲ ನುಂಗುವ ಗೊಂದಲ ತಪ್ಪುತ್ತದೆ. ಇನ್ಸುಲಿನ್ ಇದ್ದರೆ ಹೊತ್ತು ಮತ್ತು ಪ್ರಮಾಣವನ್ನು ವೈದ್ಯರಿಂದಲೇ ಬರೆಸಿಕೊಳ್ಳಿ. ಮರಳುವ ವಿಮಾನದ ಸಮಯ ಗೊತ್ತಾದಾಗ ಇಲ್ಲಿ ಹಾಕಿ, ಅದನ್ನೂ ನಮ್ಮ ಗಡಿಯಾರಕ್ಕೆ ಲೆಕ್ಕ ಹಾಕಿಕೊಡುತ್ತೇನೆ.